ಸಿಪ್ಪೆ ಸುಲಿದ ಬೆಳ್ಳುಳ್ಳಿ

ನನ್ನ ಮೇಜಿನ ಮೇಲೆ ಒಂದು ಖಾರದ ಪೊಟ್ಟಣ ಬಾಯಿ ಬಿಚ್ಚಿಕೊಂಡು ಕೂತಿದೆ. ಅದರ ಪಕ್ಕದಲ್ಲಿ ನನ್ನ ಮೊಬೈಲು. ಕಾಲೇಜಿನಿಂದ ಬಂದು ಒಂದು ತಾಸಾಯಿತು, ಎರಡನ್ನೂ ನೋಡುತ್ತ ಕೂತಿದ್ದೇನೆ. ಪೊಟ್ಟಣಕ್ಕೆ ಇನ್ನೊಮ್ಮೆ ಕೈ ಹಾಕುವ ಧೈರ್ಯವಿಲ್ಲ, ಮೊಬೈಲು ಎತ್ತುವ ಧೈರ್ಯವಂತೂ ಮೊದಲೇ ಇಲ್ಲ. ಧೈರ್ಯ ಸಾಲದಿದ್ದಾಗ ನಾನು ಕಾಗದ ಪೆನ್ನು ತೆಗೆದುಕೊಂಡು ಯಾರಿಗಾದರೂ ಏನಾದರೂ ಹೇಳಲು ಶುರು ಮಾಡುತ್ತೇನೆ. ಇವತ್ತು ನೀವು ಸಿಕ್ಕಿದ್ದೀರಿ. ಸ್ವಲ್ಪ ಹೊತ್ತು ಎದ್ದು ಹೋಗಬೇಡಿ.

ಖಾರ ಅಂದರೆ ಸವಣೂರಿನ ಖಾರ. ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದೂರದವರಿದ್ದರೆ ಇಷ್ಟು ತಿಳಿದುಕೊಳ್ಳಿ: ಕಡಲೆಹಿಟ್ಟಿನ ಸೇವು, ಶೇಂಗಾ, ಪುಟಾಣಿ ಎನ್ನುವ ಹುರಿಗಡಲೆ, ಕರಿಬೇವು, ಎಣ್ಣೆಯಲ್ಲಿ ಕರಿದ ಬೆಳ್ಳುಳ್ಳಿ, ಮೇಲೆ ಕೆಂಪು ಮಸಾಲೆ. ನಾನು ಹುಟ್ಟಿ ಬೆಳೆದದ್ದು ದುಂಡಸಿಯಲ್ಲಿ. ಅಪ್ಪ ವೀಳ್ಯದೆಲೆಯ ನೆಪ ಮಾಡಿಕೊಂಡು ಸವಣೂರಿಗೆ ಹೋಗಿ ಸಂಜೆ ಬಸ್ಸಿಗೆ ಇಳಿದರೆ, ನಾನು ಮತ್ತು ಅಣ್ಣ ಅವನ ಮುಖ ನೋಡುತ್ತಿರಲಿಲ್ಲ. ಕೈಚೀಲದ ತಳ ನೋಡುತ್ತಿದ್ದೆವು. ಅಲ್ಲಿ ಎಣ್ಣೆ ಒಸರಿದ ಕಲೆ ಇದ್ದರೆ ಖಾರ ಬಂದಿದೆ ಎಂದು ಅರ್ಥ. ಅಣ್ಣನಿಗೆ ಶೇಂಗಾ, ನನಗೆ ಬೆಳ್ಳುಳ್ಳಿ ಎಂದು ನಮ್ಮೊಳಗೇ ಒಪ್ಪಂದವಾಗಿತ್ತು. ಮರುದಿನ ಶಾಲೆಯಲ್ಲಿ ನನ್ನ ಪಕ್ಕ ಕೂರುವ ಹುಡುಗಿ ಮಾಸ್ತರಿಗೆ ಹೇಳಿ ಜಾಗ ಬದಲಿಸಿಕೊಳ್ಳುತ್ತಿದ್ದಳು. ನನಗೆ ಬೆಂಚು ಪೂರ್ತಿ ಸಿಗುತ್ತಿತ್ತು.

ಈಗ ನಾನು ಹಾನಗಲ್ಲಿನ ಒಂದು ಕಾಲೇಜಿನಲ್ಲಿ ಭೂಗೋಳ ಕಲಿಸುತ್ತೇನೆ. ತಿಂಗಳಿಗೊಮ್ಮೆ ಸವಣೂರಿನಿಂದ ಬಸ್ಸಿನಲ್ಲಿ ನನ್ನ ಹೆಸರಿಗೆ ಒಂದು ಪೊಟ್ಟಣ ಬರುತ್ತದೆ. ಕಳಿಸುವವಳು ಶಾಹೀನಾ. ಮಾಡುವವರು ಅವಳ ಅಬ್ಬಾ. ಇಷ್ಟು ವರ್ಷಗಳಲ್ಲಿ ಆ ರುಚಿ ಒಂದು ಹರಳಿನಷ್ಟೂ ಆಚೀಚೆ ಆದದ್ದಿಲ್ಲ. ಇವತ್ತಿನ ಪೊಟ್ಟಣ ಬಿಚ್ಚಿ ಒಂದು ಮುಕ್ಕು ಬಾಯಿಗೆ ಹಾಕಿಕೊಂಡೆ. ಬೆಳ್ಳುಳ್ಳಿ ಸರಿಯಾಗಿದೆ. ಆದರೆ ಉಪ್ಪು ಹೆಚ್ಚಾಗಿದೆ, ನಾಲಗೆ ಚುರುಗುಟ್ಟುವಷ್ಟು. ಖಾರದಲ್ಲಿ ಉಪ್ಪು ಹೆಚ್ಚಾದರೆ ಯಾರಾದರೂ ಫೋನು ಮಾಡಲು ಹೆದರುತ್ತಾರೇನು ಅಂತ ನೀವು ಕೇಳುತ್ತೀರಿ. ನಾನು ಹೆದರುತ್ತೇನೆ. ಯಾಕೆಂದು ಹೇಳಲು ಲಂಡನ್ನಿನಿಂದ ಶುರು ಮಾಡಬೇಕು.

ಸರಕಾರದ ಒಂದು ವಿದ್ಯಾರ್ಥಿವೇತನ ಸಿಕ್ಕು ನಾನು ಒಂದು ವರ್ಷ ಅಲ್ಲಿ ಓದಲು ಹೋಗಿದ್ದೆ. ನನ್ನ ಹೆಸರು ಗಂಗವ್ವ, ಅಜ್ಜಿಯ ಹೆಸರು. ವಿಮಾನ ಹತ್ತುವ ಮೊದಲೇ ‘ವ್ವ’ವನ್ನು ಊರಲ್ಲಿ ಬಿಟ್ಟು ಗಂಗಾ ಆಗಿ ಇಳಿಯಬೇಕೆಂದು ತೀರ್ಮಾನಿಸಿದ್ದೆ. ಬಾಡಿಗೆಗೆ ಎರಡು ಕೋಣೆಯ ಒಂದು ಮನೆಯಲ್ಲಿ ಪಾಲು ಇದೆ, ಇನ್ನೊಬ್ಬಳು ಇಂಡಿಯಾದವಳೇ ಎಂದು ಕಾಲೇಜಿನ ಗ್ರೂಪಿನಲ್ಲಿ ನೋಡಿ ಪೆಟ್ಟಿಗೆ ಎಳೆದುಕೊಂಡು ಹೋದೆ. ಬಾಗಿಲು ತೆರೆದವಳ ಎದುರು ಅಭ್ಯಾಸ ಮಾಡಿಕೊಂಡಿದ್ದ ಇಂಗ್ಲಿಷನ್ನು ಒಪ್ಪಿಸಿದೆ. ಅವಳು ಕೊನೆಯವರೆಗೂ ಕೇಳಿಸಿಕೊಂಡು, "ಯಾವೂರ್ರಿ ನಿಮ್ದು?" ಅಂದಳು. ದುಂಡಸಿಯಿಂದ ಶಿಗ್ಗಾವಿಗೆ ಬಂದು, ಬಸ್ಸು ಬದಲಿಸಿದರೆ ಅವಳ ಊರು. ಆದರೂ ನಾವಿಬ್ಬರು ಭೇಟಿಯಾಗಲು ಸಮುದ್ರ ದಾಟಬೇಕಾಯಿತು. ಸಂಜೆಯೊಳಗೆ ನಾನು ಅವಳಿಗೆ ಗಂಗೂ ಆಗಿದ್ದೆ.

ಶಾಹೀನಾ ಓದುತ್ತಿದ್ದದ್ದು ಔಷಧಿ ಶಾಸ್ತ್ರ. ಅಳತೆ, ತೂಕ, ಸಮಯ ಎಲ್ಲ ಕರಾರುವಾಕ್ಕು. ನಾನು ಭೂಗೋಳದ ವಿದ್ಯಾರ್ಥಿನಿ, ಆದ್ದರಿಂದ ದಿನಕ್ಕೊಮ್ಮೆ ದಾರಿ ತಪ್ಪುತ್ತಿದ್ದೆ. ಅವಳು ಅಡುಗೆ, ನಾನು ಪಾತ್ರೆ. ದಿನಾ ಮಧ್ಯಾಹ್ನ ಮೂರಕ್ಕೆ ಅವಳು ಮನೆಗೆ ವಿಡಿಯೋ ಕಾಲ್ ಮಾಡುತ್ತಿದ್ದಳು. ಆಗ ಸವಣೂರಿನಲ್ಲಿ ಏಳೂವರೆ. ಅಬ್ಬಾ ನಮಾಜು ಮುಗಿಸಿ ಒಲೆಯ ಮುಂದೆ ಮತ್ತೆ ಕೂರುವ ಹೊತ್ತು. ಅವರು ಫೋನನ್ನು ಮಸಾಲೆ ಡಬ್ಬಿಗೆ ಒರಗಿಸಿಟ್ಟು ತಮ್ಮ ಕೆಲಸ ಮಾಡುತ್ತ ಮಾತಾಡುತ್ತಿದ್ದರು. ನಮಗೆ ಕಾಣುತ್ತಿದ್ದದ್ದು ಒಂದು ಮೊಣಕೈ ಮತ್ತು ಜಾಲರಿ ಸೌಟಿನ ಹಿಡಿಕೆ. ಅವರ ಮುಖಕ್ಕಿಂತ ಮೊಣಕೈಯೇ ನನಗೆ ಹೆಚ್ಚು ಪರಿಚಯ.

"ಗಂಗವ್ವಾ, ಉಂಡಿಯೇನ?" ಎಂದು ಆ ಮೊಣಕೈ ಕೇಳುತ್ತಿತ್ತು. ಲಂಡನ್ನಿನಲ್ಲಿ ನನ್ನನ್ನು ಪೂರ್ತಿ ಹೆಸರಿನಿಂದ ಕರೆಯುತ್ತಿದ್ದವರು ಅವರೊಬ್ಬರೇ. ಒಂದು ದಿನ ನಾನು, ಬೆಳ್ಳುಳ್ಳಿಯನ್ನು ಸಿಪ್ಪೆ ಸಮೇತ ಯಾಕೆ ಜಜ್ಜಿ ಹಾಕುತ್ತೀರಿ ಎಂದು ಕೇಳಿದೆ. "ಸುಲದು ಹಾಕಿದ್ರ ಲಗೂನ ಕಪ್ಪಾಗಿ ಕಹಿ ಆಕ್ಕೈತಿ ಯವ್ವಾ. ಸಿಪ್ಪಿ ಇದ್ರ ಅದು ತಡೀತೈತಿ," ಅಂದರು. ಕಡೆಗೆ ಮಸಾಲೆ ಉದುರಿಸುವಾಗ ಬೇರೆ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಮಗ ರಫೀಕನಿಗೆ ಮದುವೆಯಾಗಿ ಮಕ್ಕಳಾಗಿದ್ದರೂ ಅವನ ಜಾಗ ಅಂಗಡಿಯ ಮುಂದೆ, ಒಲೆಯ ಹತ್ತಿರ ಅಲ್ಲ.

ಶಾಹೀನಾಳ ಕೊನೆಯ ಪರೀಕ್ಷೆಗೆ ಹನ್ನೊಂದು ದಿನ ಇತ್ತು. ನಾನು ಬೀದಿಯ ತುದಿಯ ಅಂಗಡಿಯಲ್ಲಿ ಒಗೆಯುವ ಯಂತ್ರಕ್ಕೆ ಬಟ್ಟೆ ಹಾಕಿ, ಅದು ತಿರುಗುವುದನ್ನು ನೋಡುತ್ತ ಕೂತಿದ್ದೆ. ರಫೀಕನ ಫೋನು ಬಂತು. ಅವನು ನನಗೆ ಯಾವತ್ತೂ ಫೋನು ಮಾಡಿದವನಲ್ಲ.

"ಗಂಗೂ, ಬಾಜೂಕ ಶಾಹೀನಾ ಅದಾಳೇನು?"

"ಇಲ್ರಿ ಭಾಯಿ. ಯಾಕ?"

"ಅಬ್ಬಾಗ ಎದಿ ನೋವು ಬಂತು. ಹುಬ್ಬಳ್ಳಿಗೆ ತಂದೇವಿ. ಆಪರೇಷನ್ ಮಾಡಬೇಕಂತ. ಆಕಿಗೆ ಹೇಳಬ್ಯಾಡ ಯವ್ವಾ. ಪರೀಕ್ಷಾ ಮುಗೀಲಿ. ಅಬ್ಬಾನ ಹಂಗ ಹೇಳ್ಯಾನ. ನೀ ಆಕಿಗೆ ಅಕ್ಕ ಇದ್ದಂಗ," ಅಂದ.

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ನಮ್ಮ ಕಡೆ ಇದು ಪ್ರೀತಿಯ ಒಂದು ರೀತಿ. ಪರೀಕ್ಷೆ ಬರೆಯುವವರ ಮುಂದೆ ಕೆಟ್ಟ ಸುದ್ದಿ ಎತ್ತುವುದಿಲ್ಲ. ನನಗೂ ಹಾಗೇ ಮಾಡಿದ್ದರು.

ನಾನು ಹತ್ತನೆಯ ಇಯತ್ತೆಯ ಪರೀಕ್ಷೆಯನ್ನು ಹಿರೇಕೆರೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಬರೆದೆ. ಎರಡನೆಯ ಪೇಪರಿನ ದಿನ ಮಾಸೂರಿನಲ್ಲಿ ಅಜ್ಜ ತೀರಿಕೊಂಡ. ನನಗೆ ಯಾರೂ ಹೇಳಲಿಲ್ಲ. ಅತ್ತೆ ದಿನಾ ಪೂರಿ ಕರಿದು ಹಾಕಿದಳು, ಮಾವಿನ ಹಣ್ಣು ಹೆಚ್ಚಿ ಕೊಟ್ಟಳು. ನಾನು ಬುದ್ಧಿವಂತಳು ಎಂದು ಎಲ್ಲರಿಗೂ ಗೊತ್ತಾಗಿದೆ, ಅದಕ್ಕೇ ಈ ಉಪಚಾರ ಎಂದು ತಿಳಿದು ಎರಡೆರಡು ಸಲ ಬಡಿಸಿಕೊಂಡು ಉಂಡೆ. ಕೊನೆಯ ಪೇಪರು ಮುಗಿದ ಸಂಜೆ ಮಾವ ಬೈಕಿನಲ್ಲಿ ಮಾಸೂರಿಗೆ ಕರೆದುಕೊಂಡು ಹೋದ. ಮದಗದ ಕೆರೆ ಕಂಡಾಗ ನಾನು ಹಿಂದೆ ಕೂತು ಹಾಡು ಹೇಳುತ್ತಿದ್ದೆ. ಮಾವ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದು ನೋಡಿದರೆ ಅಜ್ಜ ಮಲಗುತ್ತಿದ್ದ ಹೊರಸನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು.

ಈ ಕಥೆಯನ್ನು ನಾನೇ ಶಾಹೀನಾಗೆ ಹೇಳಿದ್ದೆ, ನಮ್ಮ ಮನೆಯವರು ನನ್ನನ್ನು ಎಷ್ಟು ಜೋಪಾನ ಮಾಡಿದರು ಎಂದು ತೋರಿಸಲು. ಅವಳು ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿ, "ನಿನಗ ಹ್ಯಾಂಗಾತು ಆಗ?" ಎಂದು ಕೇಳಿದ್ದಳು. ನಾನು ಪರೀಕ್ಷೆಯಲ್ಲಿ ಎಷ್ಟು ಅಂಕ ಬಂತೆಂದು ಹೇಳಿದ್ದೆ.

ಸರಿ, ಮಾತು ಕೊಟ್ಟಾಯಿತು. ಈಗ ಮಧ್ಯಾಹ್ನ ಮೂರು ಗಂಟೆಯದೇ ಚಿಂತೆ. ಆ ಹೊತ್ತಿಗೆ ಅವಳು ಫೋನು ಮಾಡುತ್ತಾಳೆ, ಮೊಣಕೈ ಕಾಣುವುದಿಲ್ಲ, ಆಟ ಮುಗಿಯುತ್ತದೆ. ನನ್ನ ಭೂಗೋಳ ಆಗ ಕೆಲಸಕ್ಕೆ ಬಂತು. "ಓದಿ ಓದಿ ಮಾರಿ ಹಳದಿ ಆಗೇತಿ ನಿಂದು. ಮಧ್ಯಾಹ್ನ ಎರಡು ತಾಸು ತಿರುಗಾಡಿದ್ರ ಓದಿದ್ದು ತಲ್ಯಾಗ ಕುಂದರತೈತಿ," ಎಂದು ಅವಳನ್ನು ಹೊರಡಿಸಿದೆ. ಇಂಥ ವಿಜ್ಞಾನ ಎಲ್ಲೂ ಇಲ್ಲ. ಎಂಟು ತಿಂಗಳಿಂದ ಮನೆ, ಕಾಲೇಜು, ತರಕಾರಿ ಅಂಗಡಿ ಬಿಟ್ಟರೆ ಬೇರೆ ಲಂಡನ್ ನೋಡಿರದ ನಾವು ಮರುದಿನದಿಂದ ಊರು ಸುತ್ತತೊಡಗಿದೆವು.

ನಾನು ಜಾಗಗಳನ್ನು ಆರಿಸುತ್ತಿದ್ದ ಬಗೆಯನ್ನು ಯಾವ ಪ್ರವಾಸಿ ಪುಸ್ತಕದಲ್ಲೂ ಬರೆದಿರಲಿಕ್ಕಿಲ್ಲ. ಎಲ್ಲಿ ಸಿಗ್ನಲ್ ಸಿಗುವುದಿಲ್ಲವೋ ಅಲ್ಲಿಗೆ ಮೂರು ಗಂಟೆಗೆ ಸರಿಯಾಗಿ ಮುಟ್ಟಬೇಕು. ಥೇಮ್ಸ್ ನದಿಯ ಅಡಿಯಲ್ಲಿ ನಡೆದು ದಾಟುವ ಒಂದು ಹಳೆಯ ಸುರಂಗ ಇದೆ. ಬಿಳಿ ಟೈಲ್ಸಿನ ಗೋಡೆ, ಮೇಲೆ ಪೂರ್ತಿ ನದಿ. ಅಲ್ಲಿಗೆ ಹೋದೆವು. ವಸ್ತು ಸಂಗ್ರಹಾಲಯಗಳ ನೆಲಮಾಳಿಗೆಗಳಿಗೆ ಹೋದೆವು. ಮೇಲಿನ ಅಂತಸ್ತಿನ ಚೆಂದದ ಚಿತ್ರಗಳನ್ನು ಬಿಟ್ಟು ಕೆಳಗೆ ಮಡಕೆಯ ಚೂರುಗಳ ಎದುರು ಅವಳನ್ನು ಅರ್ಧ ತಾಸು ನಿಲ್ಲಿಸಿ, ನನಗೇ ಗೊತ್ತಿಲ್ಲದ ಇತಿಹಾಸ ಹೇಳಿದೆ. ನೆಲದಡಿಯ ರೈಲುಗಳಲ್ಲಿ ಯಾವ ದಾರಿಯಲ್ಲಿ ಮೊಬೈಲು ಸತ್ತಿರುತ್ತದೆ ಎಂದು ಮುಂಜಾನೆ ಒಬ್ಬಳೇ ಹೋಗಿ ನೋಡಿಕೊಂಡು ಬಂದೆ. ಮೂರು ಗಂಟೆ ದಾಟಿದ ಮೇಲೆ ಅವಳು ಮನೆಗೆ ಫೋನು ಹಚ್ಚಿದರೆ ರಫೀಕ ಎತ್ತುತ್ತಿದ್ದ. ಅಬ್ಬಾ ಈಗಷ್ಟೇ ಮಲಗಿದ, ಅಬ್ಬಾ ಲಗ್ನದ ಮನೆಗೆ ಖಾರ ಮಾಡಲು ಬಂಕಾಪುರಕ್ಕೆ ಹೋದ, ಅಲ್ಲಿ ನೆಟ್‌ವರ್ಕ್ ಇಲ್ಲ. ನಾವು ಇಬ್ಬರೂ ದಿನಾ ಬೆಳಿಗ್ಗೆ ಆ ದಿನದ ಸುಳ್ಳನ್ನು ಮಾತಾಡಿಕೊಳ್ಳುತ್ತಿದ್ದೆವು.

ಶಾಹೀನಾ ಖುಷಿಯಾಗಿದ್ದಳು. ಅದೇ ನನಗೆ ತಡೆಯಲಾಗುತ್ತಿರಲಿಲ್ಲ. ಎರಡಂತಸ್ತಿನ ಬಸ್ಸಿನಲ್ಲಿ ಮೇಲೆ, ಎಲ್ಲಕ್ಕಿಂತ ಮುಂದಿನ ಸೀಟು ಹಿಡಿದು, ಮರದ ಟೊಂಗೆ ಗಾಜಿಗೆ ಬಡಿದಾಗಲೆಲ್ಲ ನನ್ನ ತೋಳು ಹಿಡಿದುಕೊಂಡು ನಗುತ್ತಿದ್ದಳು. ಕಂಡಲ್ಲೆಲ್ಲ ಫೋಟೋ. ಎಲ್ಲ ಫೋಟೋಗಳೂ ಅಬ್ಬಾನ ನಂಬರಿಗೆ ಹೋಗುತ್ತಿದ್ದವು. "ಗಂಗೂ, ಅಬ್ಬಾ ನೋಡೇ ಇಲ್ಲಲ್ಲ, ಗೆರಿ ನೀಲಿ ಆಗವಲ್ವು," ಎಂದು ಎರಡನೆಯ ದಿನ ಅಂದಳು. ಶೌಚಾಲಯ ಹುಡುಕುವ ನೆಪದಿಂದ ದೂರ ಹೋಗಿ ರಫೀಕನಿಗೆ, ಅಬ್ಬಾನ ಫೋನು ತೆಗೆದು ಫೋಟೋ ನೋಡಿರಿ ಎಂದು ಬರೆದೆ. ನಾನು ಮರಳಿ ಬರುವಷ್ಟರಲ್ಲಿ ಗೆರೆಗಳು ನೀಲಿಯಾಗಿದ್ದವು. "ನೋಡಿದಾ," ಎಂದು ಅವಳು ಫೋನನ್ನು ಎದೆಗೆ ಒತ್ತಿಕೊಂಡಳು.

ನಾಲ್ಕನೆಯ ದಿನ ಆಪರೇಷನ್. ಅವತ್ತು ನಾನು ಅವಳನ್ನು ನದಿ ದಾಟಿಸುವ ದೋಣಿಗೆ ಕರೆದುಕೊಂಡು ಹೋದೆ. ಬಸ್ಸು ಲಾರಿಗಳನ್ನೇ ಹೊತ್ತು ದಾಟುವ ದೊಡ್ಡ ದೋಣಿ, ಟಿಕೆಟ್ಟಿಲ್ಲ. ಪುಕ್ಕಟೆ ಎಂದು ಕೇಳಿ ಅವಳು ಮೂರು ಸಲ ಆಚೀಚೆ ಹೋಗಿ ಬರೋಣ ಅಂದಳು. ಗಾಳಿಗೆ ಅವಳ ದುಪಟ್ಟಾ ನನ್ನ ಮುಖಕ್ಕೆ ಹಾರುತ್ತಿತ್ತು. ಅಲ್ಲಿ ಸಿಗ್ನಲ್ ಚೆನ್ನಾಗಿಯೇ ಇತ್ತು, ನನ್ನದೇ ತಪ್ಪು. ನಡುನೀರಿನಲ್ಲಿ ನನ್ನ ಫೋನು ನಡುಗಿತು. ‘ಆಪರೇಷನ್ ಆತು. ಇನ್ನಾ ಎಚ್ಚರ ಆಗಿಲ್ಲ. ದುವಾ ಮಾಡ್ರಿ.’

"ಯಾರದು?"

"ನಮ್ಮವ್ವಂದು."

"ಏನಂತ?"

"ಸಂಡಿಗಿ ಇಟ್ಟಾಳಂತ."

ಯಾಕೆ ಸಂಡಿಗೆ ಬಾಯಿಗೆ ಬಂತೋ ಗೊತ್ತಿಲ್ಲ. ಮರುದಿನ ನನ್ನ ಅವ್ವ ಫೋನು ಮಾಡಿದಾಗ ಶಾಹೀನಾ ನಡುವೆ ಬಾಯಿ ಹಾಕಿ, "ಅವ್ವಾರ, ಸಂಡಿಗಿ ಒಣಗಿದ್ವೇನ್ರಿ?" ಎಂದು ಕೇಳಿದಳು. "ಯಾವ ಸಂಡಿಗಿ ಯವ್ವಾ, ಇಲ್ಲಿ ಮೂರು ದಿನದಿಂದ ಮಳಿ ಹೊಡ್ಯಾಕತ್ತೇತಿ," ಅಂದಳು ಅವ್ವ. ನಾನು ಫೋನು ಕಸಿದುಕೊಂಡು, ಮಳೆಯಲ್ಲಿ ನೆನೆದುಹೋದವೇ ಎಂದು ಗಟ್ಟಿಯಾಗಿ ಮರುಗಿದೆ. "ನಿನಗ ಆರಾಮ ಐತಿಲ್ಲೋ?" ಅಂದಳು ಅವ್ವ. ಶಾಹೀನಾ ನನ್ನ ಮುಖವನ್ನೇ ನೋಡುತ್ತಿದ್ದಳು.

ಆರನೆಯ ದಿನ ಅಬ್ಬಾಗೆ ಎಚ್ಚರವಾಯಿತು. ಸುದ್ದಿ ಬಂದಾಗ ನಾನು ಸಿಂಕಿನ ಮುಂದೆ ನಿಂತು ನಲ್ಲಿ ಜೋರಾಗಿ ತಿರುವಿ ಅತ್ತೆ. ಇನ್ನೈದು ದಿನ, ಆಮೇಲೆ ಎಲ್ಲವನ್ನೂ ನಾನೇ ಹೇಳುತ್ತೇನೆ, ಅವಳು ನನ್ನನ್ನು ಅಪ್ಪಿಕೊಳ್ಳುತ್ತಾಳೆ ಎಂದು ಕಲ್ಪಿಸಿಕೊಂಡೆ. ಕಲ್ಪನೆಯಲ್ಲಿ ನಾನು ಬಹಳ ಒಳ್ಳೆಯವಳಾಗಿ ಕಾಣುತ್ತಿದ್ದೆ.

ಒಂಬತ್ತನೆಯ ದಿನ ಹಾವೇರಿ ಕಡೆಯ ಒಬ್ಬ ವಿದ್ಯಾರ್ಥಿ ಊರಿನಿಂದ ಬಂದವನು ನಮ್ಮ ಬಾಗಿಲಿಗೆ ಖಾರದ ಪೊಟ್ಟಣ ಮುಟ್ಟಿಸಿ ಹೋದ. ರಫೀಕ ಕಳಿಸಿದ್ದು. ಯಾರಾದರೂ ಆ ಕಡೆಯಿಂದ ಬಂದರೆ ಪೊಟ್ಟಣ ಬರಲೇಬೇಕು, ಬರದಿದ್ದರೆ ತಂಗಿಗೆ ಸಂಶಯ ಬರುತ್ತದೆ ಎಂದು ಅವನೇ ಹೆಂಡತಿಯ ಜೊತೆ ಒಲೆಯ ಮುಂದೆ ಕೂತು ಮಾಡಿದ್ದ. ಅದೇ ಕಾಗದ, ಅದೇ ದಾರ, ಅದೇ ಗಂಟು. ನನಗೆ ಸಮಾಧಾನವಾಯಿತು.

ಶಾಹೀನಾ ಪುಸ್ತಕ ಮಡಚಿಟ್ಟು ಗಂಟು ಬಿಚ್ಚಿದಳು. ಒಂದು ಮುಕ್ಕು ಬಾಯಿಗೆ ಹಾಕಿಕೊಂಡಳು. ಅಗಿಯುವುದು ನಿಂತಿತು. ಪೊಟ್ಟಣದಲ್ಲಿ ಬೆರಳಾಡಿಸಿ ಬೆಳ್ಳುಳ್ಳಿಯ ಎಸಳುಗಳನ್ನು ಒಂದೊಂದೇ ಆರಿಸಿ ಮೇಜಿನ ಮೇಲೆ ಇಟ್ಟಳು. ಎಲ್ಲವೂ ನುಣ್ಣಗೆ, ಕಪ್ಪಗೆ.

"ಗಂಗೂ, ಇಲ್ಲಿ ಬಾ. ಸಿಪ್ಪಿ ಸುಲದಾರ."

"ಸುಲಿಯೋ ಮಷೀನ್ ತಂದಿರಬೇಕು," ಅಂದೆ.

"ಅಬ್ಬಾ ಎಲ್ಲದಾನ?"

"ಮತ್ತ ಬಂಕಾಪುರಕ್ಕ..."

"ಗಂಗೂ. ಅಬ್ಬಾ ಎಲ್ಲದಾನ?"

ಅವಳ ಧ್ವನಿ ಏರಲಿಲ್ಲ. ಏರಿದ್ದರೆ ನಾನು ಇನ್ನೊಂದು ಸುಳ್ಳು ಹೇಳುತ್ತಿದ್ದೆನೇನೋ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಇದ್ದಾರೆ, ಒಂಬತ್ತು ದಿನವಾಯಿತು, ಆಪರೇಷನ್ ಆಗಿದೆ, ಈಗ ಪಾರಾಗಿದ್ದಾರೆ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಅವಳು ಬಾಯಿಯಲ್ಲಿದ್ದದ್ದನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ. ಮೆಲ್ಲಗೆ ಎದ್ದು ಹೋಗಿ ಬಾಯಿ ತೊಳೆದುಕೊಂಡು ಬಂದು ಫೋನು ಹಚ್ಚಿದಳು. ರಫೀಕ ಏನೇನೋ ಹೇಳುತ್ತಿದ್ದ. ಅಬ್ಬಾಗೆ ಕೊಡು ಎಂದಷ್ಟೇ ಉರ್ದುವಿನಲ್ಲಿ ಅಂದಳು. ಮಂಚದ ಮೇಲೆ ಮಲಗಿದ್ದ ಅಬ್ಬಾ ಮೊದಲ ಸಲ ಪೂರ್ತಿ ಮುಖ ಕಾಣುವಂತೆ ಫೋನಿನೊಳಗೆ ಬಂದರು. ಎಷ್ಟು ಸಣ್ಣ ಮುಖ. ಪರೀಕ್ಷೆ ಮುಗಿಯಿತೇನು ಮಗಳೇ ಎಂದು ಕೇಳಿದರು. ಅದಕ್ಕೆ ಇನ್ನೂ ಎರಡು ದಿನ ಇತ್ತು. ಮುಗಿಯಿತು ಅಬ್ಬಾ, ಚಲೋ ಬರೆದಿದ್ದೇನೆ ಎಂದು ಶಾಹೀನಾ ನಕ್ಕಳು. ಫೋನು ಇಟ್ಟ ಮೇಲೆ ಆ ನಗು ಹಾಗೆಯೇ ಸ್ವಲ್ಪ ಹೊತ್ತು ಉಳಿದಿತ್ತು.

ನೀನೂ ಈಗ ಅದನ್ನೇ ಮಾಡಿದೆಯಲ್ಲ ಎಂದು ನನ್ನ ನಾಲಗೆಯ ತುದಿಗೆ ಬಂತು. ಹೇಳಲಿಲ್ಲ. ನನ್ನ ಜೀವನದಲ್ಲಿ ಸರಿಯಾದ ಹೊತ್ತಿಗೆ ಬಾಯಿ ಮುಚ್ಚಿಕೊಂಡದ್ದು ಅದೊಂದೇ ಸಲ.

ಎರಡು ದಿನದ ನಂತರ ಅವಳು ಪರೀಕ್ಷೆ ಬರೆದಳು. ಉಳಿದ ಕೆಲಸವನ್ನು ಊರಿನಿಂದಲೇ ಬರೆದು ಕಳಿಸಲು ಒಪ್ಪಿಗೆ ಪಡೆದಳು. ನಾಲ್ಕು ದಿನ ಬಿಟ್ಟು ಹೊರಡುವ ವಿಮಾನಕ್ಕೆ ಟಿಕೆಟ್ಟು ತೆಗೆಸಿದಳು. ಇದೆಲ್ಲ ನನಗೆ ಅಡುಗೆಮನೆಯ ಗೋಡೆಗೆ ಅಂಟಿಸಿದ ಚೀಟಿಯಿಂದ ತಿಳಿಯಿತು. ಆ ಆರು ದಿನ ನಮ್ಮ ನಡುವೆ ನಡೆದ ಮಾತು ‘ಹಾಲು ಮುಗದೇತಿ’, ‘ಕೀಲಿ ಕೊಡು’, ಅಷ್ಟೇ. ಅವಳು ಬೈದಿದ್ದರೆ ನನಗೆ ಸಮರ್ಥನೆಗಳು ಸಿದ್ಧವಾಗಿದ್ದವು, ರಾತ್ರಿಯೆಲ್ಲ ಹೊಂದಿಸಿಟ್ಟಿದ್ದೆ. ಬೈಯಲಿಲ್ಲ. ಅಡುಗೆ ಮಾತ್ರ ಇಬ್ಬರಿಗೂ ಮಾಡಿ, ನನ್ನ ಪಾಲನ್ನು ಮುಚ್ಚಿಟ್ಟು ಹೋಗುತ್ತಿದ್ದಳು. ಆ ಖಾರದ ಪೊಟ್ಟಣ ಕಪಾಟಿನ ಮೇಲೆ ಕೂತೇ ಇತ್ತು. ಅವಳು ಅದನ್ನು ತಿನ್ನಲಿಲ್ಲ, ಎಸೆಯಲೂ ಇಲ್ಲ. ನಾನು ನೀರು ಕುಡಿಯಲು ಹೋದಾಗಲೆಲ್ಲ ಅದನ್ನು ದಾಟಿ ಹೋಗಬೇಕಿತ್ತು.

ಹೊರಡುವ ದಿನ ಅವಳು ಕರೆಯದಿದ್ದರೂ ಒಂದು ಪೆಟ್ಟಿಗೆ ಹಿಡಿದು ಜೊತೆಗೆ ನಡೆದೆ. ಬಸ್ಸಿನಲ್ಲಿ ಮೇಲಿನ ಮುಂದಿನ ಸೀಟು ಖಾಲಿ ಇತ್ತು. ನಾವು ಕೆಳಗೆ, ಸಾಮಾನಿನ ಹತ್ತಿರ ನಿಂತೇ ಹೋದೆವು. ರೈಲಿನಲ್ಲಿ ಎದುರುಬದುರು ಕೂತರೂ ಇಬ್ಬರೂ ಕಿಟಕಿ ನೋಡಿದೆವು. ನಿಲ್ದಾಣಗಳನ್ನು ಎಣಿಸುತ್ತ, ಇನ್ನು ಐದು ಬರುವುದರೊಳಗೆ ಏನಾದರೂ ಹೇಳಬೇಕು, ಇನ್ನು ಮೂರು ಎಂದುಕೊಳ್ಳುತ್ತ ಕೊನೆಯ ನಿಲ್ದಾಣ ಮುಟ್ಟಿದೆ. ವಿಮಾನ ನಿಲ್ದಾಣದಲ್ಲಿ ಅವಳ ಪೆಟ್ಟಿಗೆಯ ತೂಕ ಹೆಚ್ಚಾಯಿತು. ನೆಲದ ಮೇಲೆ ಬಿಚ್ಚಿಕೊಂಡು ಎರಡು ದಪ್ಪ ಪುಸ್ತಕ, ಒಂದು ಬಾಣಲೆ ತೆಗೆದು ನನ್ನ ಕೈಗಿಟ್ಟಳು. ಮುಂದೆ ಅವಳೊಬ್ಬಳೇ ಹೋಗಬೇಕಾದ ಬಾಗಿಲು. ನಾನು ಬಾಣಲೆಯನ್ನು ಅಪ್ಪಿಕೊಂಡು ನಿಂತಿದ್ದೆ.

"ತಪ್ಪಾತು ಶಾಹೀನಾ," ಅಂದೆ.

"ನೀ ಮುಚ್ಚಿಟ್ಟಿದ್ದಕ್ಕ ನನಗ ಸಿಟ್ಟಿಲ್ಲ," ಅಂದಳು. "ಅದು ನಮ್ಮ ಮನ್ಯಾವ್ರದೂ ಬುದ್ಧಿನ."

"ಮತ್ತ?"

"ನಮ್ಮ ಅಬ್ಬಾನ ಎದಿ ಸೀಳಿದ ಹೊತ್ತಿನಾಗ ನಾ ದೋಣ್ಯಾಗ ನಕ್ಕೋತ ನಿಂತೇನಿ. ಫೋಟೋ ಅದಾವ. ಈ ಊರಾಗ ನಾ ಅಷ್ಟು ಖುಷಿ ಆಗಿದ್ದ ದಿನಾ ಬ್ಯಾರೆ ಇಲ್ಲ. ಆ ಫೋಟೋ ಈಗ ನಾ ಏನ್ ಮಾಡ್ಲಿ ಹೇಳು. ಇಟ್ಕೊಳ್ಳಾಕೂ ಆಗವಲ್ದು, ತಗದು ಒಗಿಯಾಕೂ ಆಗವಲ್ದು."

ನನಗೆ ಮದಗದ ಕೆರೆಯ ದಂಡೆಯ ಮೇಲೆ ಬೈಕಿನಲ್ಲಿ ಹಾಡುತ್ತಿದ್ದ ಹುಡುಗಿ ನೆನಪಾದಳು. ಆ ಹಾಡನ್ನು ನಾನು ಅವತ್ತಿನಿಂದ ಒಂದು ಸಲವೂ ಹಾಡಿಲ್ಲ, ಎಲ್ಲಿಯಾದರೂ ಕೇಳಿಸಿದರೆ ಎದ್ದು ಹೋಗುತ್ತೇನೆ. ಅವಳು ಹಿಟ್ಟು ನಾದುತ್ತ ಕೇಳಿದ್ದ ಪ್ರಶ್ನೆಗೆ ಉತ್ತರ ಅದು. ಅಷ್ಟು ದಿನ ನನಗೇ ಅದು ಗೊತ್ತಿರಲಿಲ್ಲ, ಅಥವಾ ಗೊತ್ತಿಲ್ಲದವಳ ಹಾಗೆ ಇದ್ದೆ. ಅಲ್ಲಿ ನಿಂತು ಅವಳಿಗೆ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಇನ್ನ ಮ್ಯಾಲೆ ನನಗ ಸುಳ್ಳು ಹೇಳಬ್ಯಾಡ," ಅಂದಳು. "ಸಣ್ಣದೂ ಬ್ಯಾಡ. ನನ್ನ ಮನಸ್ಸಿಗೆ ಕೆಟ್ಟ ಅನಸ್ತೈತಿ ಅಂತನೂ ಬ್ಯಾಡ." ಆಮೇಲೆ ನನ್ನ ಕೈಯ ಬಾಣಲೆಯನ್ನು ಒಂದು ಸಲ ತಟ್ಟಿ, "ಆ ಖಾರ ಚೆಲ್ಲಬ್ಯಾಡ. ನಮ್ಮ ಭಾಯಿ ಕೈ ಸುಟ್ಕೊಂಡು ಮಾಡ್ಯಾನ," ಎಂದು ಒಳಗೆ ಹೋದಳು. ಅಪ್ಪಿಕೊಳ್ಳಲಿಲ್ಲ. ಒಂದು ಸಲ ತಿರುಗಿ ನೋಡಿದಳು, ನನ್ನನ್ನೋ, ಹಿಂದಿನ ಬೋರ್ಡನ್ನೋ ಗೊತ್ತಾಗಲಿಲ್ಲ.

ಮನೆಗೆ ಬಂದು ಆ ಕಹಿ ಬೆಳ್ಳುಳ್ಳಿಯ ಖಾರವನ್ನು ಎರಡು ವಾರ ತಿಂದೆ. ಒಬ್ಬಳೇ ಮನೆಯಲ್ಲಿ ಮಧ್ಯಾಹ್ನ ಮೂರಾದರೆ ಸಾಕು, ಎದ್ದು ಹೊರಗೆ ನಡೆದುಬಿಡುತ್ತಿದ್ದೆ. ಅವಳಿಂದ ಒಂದು ಸುದ್ದಿಯೂ ಇಲ್ಲ. ನಾನು ಕಳಿಸಿದ ನಾಲ್ಕೈದು ಸಂದೇಶಗಳ ಗೆರೆಗಳು ನೀಲಿಯಾದವು, ಉತ್ತರ ಬರಲಿಲ್ಲ. ನೀಲಿ ಗೆರೆಯನ್ನು ನಂಬಬಾರದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಇನ್ನೇನು ನನ್ನದೂ ಹೊರಡುವ ಕಾಲ ಬಂತು ಅನ್ನುವಾಗ ಆ ಹಾವೇರಿಯ ವಿದ್ಯಾರ್ಥಿಯ ಗೆಳೆಯನೊಬ್ಬ ಊರಿನಿಂದ ಬಂದು ಒಂದು ಪೊಟ್ಟಣ ಕೊಟ್ಟ. ಚೀಟಿ ಇಲ್ಲ, ಹೆಸರಿಲ್ಲ. ನಿಂತಲ್ಲೇ ದಾರ ಹರಿದು ಬೆಳ್ಳುಳ್ಳಿ ಹುಡುಕಿದೆ. ಜಜ್ಜಿದ ಎಸಳು, ಸಿಪ್ಪೆ ಸಮೇತ, ಹೊಂಬಣ್ಣ. ಅಬ್ಬಾ ಒಲೆಯ ಮುಂದೆ ಕೂತಿದ್ದಾರೆ. ಶಾಹೀನಾ ಅದನ್ನು ನನಗೆ ತಿಳಿಸಿದ್ದಾಳೆ. ಬಾಗಿಲಲ್ಲಿ ನಿಂತಿದ್ದ ಹುಡುಗ ನಾನು ಕಣ್ಣೊರೆಸಿಕೊಳ್ಳುವುದನ್ನು ನೋಡಿ, ಖಾರ ಬಹಳ ಆಯಿತೇನ್ರಿ ಎಂದು ಕೇಳಿ ನೀರು ತಂದುಕೊಟ್ಟ.

ಅಂದಿನಿಂದ ತಿಂಗಳಿಗೊಂದು ಪೊಟ್ಟಣ. ನಾನು ಊರಿಗೆ ಬಂದೆ, ಅವಳು ಸವಣೂರಿನಲ್ಲೇ ಔಷಧಿ ಅಂಗಡಿ ನೋಡಿಕೊಳ್ಳುತ್ತಾಳೆ. ಹಬ್ಬಕ್ಕೆ ಹೋಗಿ ಬಂದು ಮಾಡುತ್ತೇವೆ, ಜಗಳವನ್ನೂ ಆಡುತ್ತೇವೆ. ಲಂಡನ್ನಿನ ಆ ಒಂಬತ್ತು ದಿನದ ಮಾತು ಮಾತ್ರ ಇಬ್ಬರೂ ಎತ್ತುವುದಿಲ್ಲ. ಫೋಟೋಗಳನ್ನು ಅವಳು ಏನು ಮಾಡಿದಳೋ ನಾನು ಕೇಳಿಲ್ಲ.

ಈಗ ಗೊತ್ತಾಯಿತಲ್ಲ, ಈ ಉಪ್ಪಿನ ಮುಂದೆ ನಾನು ಯಾಕೆ ಹೀಗೆ ಕೂತಿದ್ದೇನೆಂದು. ಅಬ್ಬಾನ ಕೈ ನಡುಗಿತೇ, ನಾಲಗೆಗೆ ರುಚಿ ಹೋಯಿತೇ, ಅಥವಾ ಆ ಕೈಯೇ ಅಲ್ಲವೇ. ಬೆಳ್ಳುಳ್ಳಿಯ ಸಿಪ್ಪೆ ಸರಿಯಿದೆ ಎಂದು ಇಷ್ಟು ಹೊತ್ತು ಅದನ್ನೇ ನೆಚ್ಚಿಕೊಂಡು ಕೂತಿದ್ದೆ. ಆದರೆ ಸಿಪ್ಪೆಯ ಗುಟ್ಟು ಈಗ ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿದೆ. ನನಗೆ ಹೇಳಬಾರದ ಸುದ್ದಿ ಇದ್ದರೆ ಈ ಸಲ ಅದನ್ನು ಸರಿಯಾಗಿಯೇ ಮುಚ್ಚಿರುತ್ತಾರೆ.

ಇಲ್ಲಿಗೆ ಪೆನ್ನು ಇಟ್ಟು ಫೋನು ಹಚ್ಚಿದೆ. ಅದು ಎರಡು ಸಲ ಹೊಡೆದುಕೊಂಡಿತು.

"ಖಾರ ಮುಟ್ಟಿತೇನು?" ಶಾಹೀನಾ.

"ಮುಟ್ಟಿತು. ಅಬ್ಬಾ ಎಲ್ಲದಾರ?"

ಈ ಪ್ರಶ್ನೆ ಅವಳಿಗೆ ಗೊತ್ತು.

"ಇಲ್ಲೇ ಅದಾನ, ಕುರ್ಚಿ ಮ್ಯಾಲೆ," ಅಂದಳು, ಮೆತ್ತಗೆ. "ಅಂಜಬ್ಯಾಡ. ಆರಾಮ ಅದಾನ. ಒಲಿ ಮುಂದ ಕುಂದ್ರಬ್ಯಾಡ ಅಂತ ಡಾಕ್ಟರ್ ಹೇಳ್ಯಾರ, ಕಾವು ಆಗೂದಿಲ್ಲಂತ. ಈ ಸಲ ನಾನ ಮಾಡೇನಿ ಗಂಗೂ. ಅಬ್ಬಾ ಬಾಜೂಕ ಕುಂತು ಹೇಳಿಕೊಟ್ಟಾನ. ಭಾಯಿಗೂ ಬಿಟ್ಟಿಲ್ಲ, ನನಗ ಬಿಟ್ಟಾನ. ಹೆಂಗ ಆಗೇತಿ ಹೇಳು. ಇಲ್ಲಿ ಎಲ್ಲಾರೂ ಭಾಳ ಚಲೋ ಆಗೇತಿ ಅನ್ನಾಕತ್ತಾರ. ಅಬ್ಬಾನೂ ಹಂಗ ಅಂದಾನ."

ಅವಳು ಕೈ ಸುಟ್ಟುಕೊಂಡಿರಬೇಕು. ಮುಂಜಾನೆಯಿಂದ ಕಾದಿರಬೇಕು. ಒಂದು ಸಣ್ಣ ಸುಳ್ಳು ಸಾಕಿತ್ತು.

"ಉಪ್ಪು ಹೆಚ್ಚಾಗೇತಿ," ಅಂದೆ.

ಅವಳು ಸ್ಪೀಕರ್ ಹಾಕಿದ್ದಳೆಂದು ಕಾಣುತ್ತದೆ. ಹಿಂದಿನಿಂದ ಅಬ್ಬಾನ ನಗು ಕೇಳಿಸಿತು, ಸಣ್ಣದಾಗಿ, ಕೆಮ್ಮಿನ ಜೊತೆ. "ನನಗ ಗೊತ್ತಿತ್ತು ಗಂಗವ್ವಾ," ಅಂದರು. "ಆಕಿ ಮನಸ್ಸಿಗೆ ಕೆಟ್ಟ ಅನಸ್ತೈತಿ ಅಂತ ನಾ ಹೇಳಿಲ್ಲ."

"ಕೇಳಿದಿ?" ಅಂದಳು ಶಾಹೀನಾ. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ, ಎರಡೂ ಇತ್ತು. "ಈ ಮನ್ಯಾಗ ಖರೇ ಕೇಳಬೇಕಂದ್ರ ಹಾನಗಲ್ಲಿಗೆ ಪೊಟ್ಟಣ ಕಳಸಬೇಕು ನೋಡು."

ಫೋನು ಇಟ್ಟ ಸ್ವಲ್ಪ ಹೊತ್ತಿಗೆ ಅವಳಿಂದ ಒಂದು ಫೋಟೋ ಬಂತು. ಅಗಲವಾದ ನದಿ, ದೋಣಿಯ ಕಂಬಿ, ಹಾರುವ ದುಪಟ್ಟಾ, ನಗುತ್ತಿರುವ ಶಾಹೀನಾ. ಪಕ್ಕದಲ್ಲಿ ಮುಖ ಹಿಂಡಿಕೊಂಡು ಮೊಬೈಲನ್ನು ಬೆನ್ನ ಹಿಂದೆ ಬಚ್ಚಿಡುತ್ತಿರುವ ನಾನು. ನಾನು ಅದನ್ನು ಬಹಳ ಹೊತ್ತು ನೋಡಿದೆ. ಆಮೇಲೆ ಒಂದು ತಂಬಿಗೆ ನೀರು ಪಕ್ಕಕ್ಕಿಟ್ಟುಕೊಂಡು ಉಳಿದ ಖಾರವನ್ನೂ ತಿಂದು ಮುಗಿಸಿದೆ.